ಉಪ್ಪು ಹೇಳಿದ ಲೆಕ್ಕ

ಅಕ್ಕನ ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ‘ನಮ್ಮ ತರಗತಿಯ ದತ್ತಾಂಶ’ ಅಂತ ಒಂದು ಚಟುವಟಿಕೆ ಕೊಟ್ಟಿದ್ದರು. ಒಂದು ಸಂಜೆ ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿಟ್ಟಳು. ಸ್ಕೇಲಿಟ್ಟು ಎಳೆದ ಗೆರೆಗಳು, ದುಂಡನೆಯ ಅಕ್ಷರ. ತರಗತಿಯ 34 ಮಕ್ಕಳ ಮಾಹಿತಿ ಅದರಲ್ಲಿತ್ತು: ಹಾಜರಿ ಪುಸ್ತಕದ ಕ್ರಮಸಂಖ್ಯೆ, ರಕ್ತದ ಗುಂಪು, ಬಿಸಿಯೂಟ ಎಷ್ಟು ಇಷ್ಟ, ಅಣ್ಣ ತಮ್ಮ ಅಕ್ಕ ತಂಗಿ ಎಷ್ಟು ಜನ, ಎತ್ತರ ಎಷ್ಟು. ಎಲ್ಲಕ್ಕಿಂತ ಕೆಳಗೆ ಕೆಂಪು ಶಾಯಿಯಲ್ಲಿ ‘ಸರಾಸರಿ’ ಅನ್ನುವ ಸಾಲು. ಮೊದಲನೆಯ ಮನೆಯಲ್ಲಿ 17.5 ಎಂದು ತುಂಬಿದ್ದಳು. ಎರಡನೆಯದಕ್ಕೆ ಬಂದು ಪೆನ್ನು ನಿಂತಿತ್ತು.

“ಚಿಕ್ಕಮ್ಮಾ, ಎ ಮತ್ತೆ ಓ ಕೂಡಿಸಿದ್ರೆ ಎಷ್ಟಾಗುತ್ತೆ?”

ಇಂಥ ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ನನಗೆ ತುಂಬಾ ಪ್ರೀತಿ. ಲೆಕ್ಕ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಅವಳಿಗೆ ಸರಿಯಾಗಿಯೇ ಗೊತ್ತಾಗಿತ್ತು. ಆದರೆ ಸಿಕ್ಕಿಕೊಂಡದ್ದು ಎರಡನೆಯ ಮನೆಯಲ್ಲಿ ಅಲ್ಲ, ಮೊದಲನೆಯದರಲ್ಲೇ. 1ರಿಂದ 34ರವರೆಗೆ ಕೂಡಿದರೆ 595. ಅದನ್ನು 34ರಿಂದ ಭಾಗಿಸಿದರೆ 17.5. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಹದಿನೇಳೂವರೆ ಮಕ್ಕಳ ಬಗ್ಗೆ ಏನು ಹೇಳುತ್ತದೆ? ಅವರು ಉದ್ದ ಇದ್ದಾರೋ ಗಿಡ್ಡ ಇದ್ದಾರೋ, ಓದುತ್ತಾರೋ ಆಡುತ್ತಾರೋ, ಒಂದೂ ಗೊತ್ತಾಗುವುದಿಲ್ಲ. ನಾಳೆ ಮೇಷ್ಟ್ರು ಹೆಸರುಗಳನ್ನು ಹಿಂದುಮುಂದು ಮಾಡಿ ಹೊಸ ಕ್ರಮಸಂಖ್ಯೆ ಕೊಟ್ಟರೂ ಸರಾಸರಿ ಅದೇ ಹದಿನೇಳೂವರೆ.

ಕ್ರಮಸಂಖ್ಯೆ ಅಂಕಿಯ ಅಂಗಿ ತೊಟ್ಟ ಹೆಸರು, ಅಷ್ಟೆ. ಬಸ್ಸಿನ ನಂಬರು, ಕ್ರಿಕೆಟ್ ಆಟಗಾರರ ಬೆನ್ನ ಮೇಲಿನ ನಂಬರು, ವಿಳಾಸದ ಕೊನೆಯಲ್ಲಿ ಬರೆಯುವ ಪಿನ್‌ಕೋಡ್ ಎಲ್ಲವೂ ಹೀಗೇ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ನಮ್ಮ ರಾಜ್ಯದ ಪಿನ್‌ಕೋಡುಗಳೆಲ್ಲ 5ರಿಂದ ಶುರುವಾಗುತ್ತವೆ, ದೆಹಲಿಯವು 1ರಿಂದ. ಹಾಗಂತ ನಾವು ದೆಹಲಿಗಿಂತ ಐದು ಪಾಲು ದೊಡ್ಡವರೇನಲ್ಲ. ಇಂಥ ದತ್ತಾಂಶದಲ್ಲಿ ಕೂಡುವುದು ಕಳೆಯುವುದಕ್ಕೆ ಅರ್ಥವಿಲ್ಲ. ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಬಹುದು. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಯಾವುದೆಂದು ಹೇಳಬಹುದು. ಅದಕ್ಕೆ ನಿಮ್ಮ ಗಣಿತ ಪುಸ್ತಕದಲ್ಲಿ ಬಹುಲಕ ಎಂಬ ಹೆಸರಿದೆ.

ರಕ್ತದ ಗುಂಪೂ ಹೆಸರೇ. ಅದರಲ್ಲಿ ನನಗೆ ಇಷ್ಟವಾದ ಒಂದು ಕಥೆಯಿದೆ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಮೂರು ಗುಂಪುಗಳಿವೆ ಎಂದು ತೋರಿಸಿದರು. ಮರುವರ್ಷವೇ ಅವರ ಜೊತೆಯವರಿಗೆ ನಾಲ್ಕನೆಯದು ಸಿಕ್ಕಿತು. ಎ, ಬಿ, ಎಬಿ, ಓ. ನಾಲ್ಕು ಡಬ್ಬಿ, ಪ್ರಪಂಚದ ಎಲ್ಲರೂ ಅದರೊಳಗೆ ಅಂದುಕೊಂಡಾಯಿತು. 1952ರಲ್ಲಿ ಮುಂಬಯಿಯ ಡಾಕ್ಟರ್ ವೈ. ಎಂ. ಭೆಂಡೆ ಮತ್ತು ಅವರ ಸಂಗಡಿಗರು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ರಕ್ತವೊಂದನ್ನು ಪತ್ತೆ ಮಾಡಿದರು. ಅದಕ್ಕೆ ಬಾಂಬೆ ಗುಂಪು ಅಂತಲೇ ಹೆಸರು ಬಿತ್ತು. ಮಾಮೂಲಿ ಪರೀಕ್ಷೆಯಲ್ಲಿ ಅದು ಓ ಗುಂಪಿನ ಹಾಗೇ ಕಾಣುತ್ತದೆ. ಆದರೆ ಅಂಥವರಿಗೆ ಓ ರಕ್ತ ಕೊಟ್ಟರೆ ಅಪಾಯ. ಬಾಂಬೆ ಗುಂಪಿನವರ ರಕ್ತವೇ ಆಗಬೇಕು. ನಾವು ಮಾಡಿಟ್ಟ ಡಬ್ಬಿಗಳು ಸಾಲದೆ ಹೋದಾಗ, ಬೇರೆ ಥರ ಇರುವವರು ಯಾವುದೋ ಒಂದು ಡಬ್ಬಿಗೆ ಸದ್ದಿಲ್ಲದೆ ಬಿದ್ದುಬಿಡುತ್ತಾರೆ. ಪುಸ್ತಕ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ.

ಮೂರನೆಯ ಮನೆ ಬಿಸಿಯೂಟದ್ದು. ‘ತುಂಬಾ ಇಷ್ಟ’ ಅಂದವರಿಗೆ 3, ‘ಪರವಾಗಿಲ್ಲ’ ಅಂದವರಿಗೆ 2, ‘ಇಷ್ಟವಿಲ್ಲ’ ಅಂದವರಿಗೆ 1 ಎಂದು ಬರೆದಿದ್ದಳು. ಇದು ಹೆಸರಿಗಿಂತ ಒಂದು ಮೆಟ್ಟಿಲು ಮೇಲೆ. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವ ಸಾಲು ಇದರಲ್ಲಿದೆ. ಆದರೆ ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ? ‘ಇಷ್ಟವಿಲ್ಲ’ದಿಂದ ‘ಪರವಾಗಿಲ್ಲ’ಕ್ಕೆ ಇರುವ ದೂರವೂ ‘ಪರವಾಗಿಲ್ಲ’ದಿಂದ ‘ತುಂಬಾ ಇಷ್ಟ’ಕ್ಕೆ ಇರುವ ದೂರವೂ ಒಂದೇನಾ?

ಇದನ್ನು ಅವಳಿಗೆ ತಿಳಿಸಲು ನಾನು ಪಿ. ಟಿ. ಉಷಾ ಅವರ ಓಟದ ಕಥೆ ಹೇಳಿದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್, ಹೆಂಗಸರ 400 ಮೀಟರ್ ಹರ್ಡಲ್ಸ್. ಮೊದಲು ಬಂದವರು ಮೊರಾಕೊದ ನವಾಲ್ ಎಲ್ ಮೌತವಾಕಿಲ್, 54.61 ಸೆಕೆಂಡು. ಎರಡನೆಯವರು ಅಮೆರಿಕದ ಜೂಡಿ ಬ್ರೌನ್, 55.20. ಮೂರನೆಯವರು ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು, 55.41. ನಾಲ್ಕನೆಯವರು ನಮ್ಮ ಉಷಾ, 55.42. ಸ್ಥಾನ ಮಾತ್ರ ಬರೆದರೆ 1, 2, 3, 4. ಮೆಟ್ಟಿಲುಗಳೆಲ್ಲ ಒಂದೇ ಸಮ ಅನ್ನಿಸುತ್ತದೆ. ಗಡಿಯಾರ ಬೇರೆಯದೇ ಹೇಳುತ್ತದೆ: ಒಂದನೆಯವರಿಗೂ ಎರಡನೆಯವರಿಗೂ ನಡುವೆ ಅರ್ಧ ಸೆಕೆಂಡಿಗೂ ಮಿಗಿಲು, ಮೂರನೆಯವರಿಗೂ ನಾಲ್ಕನೆಯವರಿಗೂ ನಡುವೆ ಸೆಕೆಂಡಿನ ನೂರನೇ ಒಂದು ಭಾಗ. ಕಣ್ಣು ಮಿಟುಕಿಸುವುದಕ್ಕೂ ಅದರ ಹತ್ತು ಪಾಲು ಹೊತ್ತು ಬೇಕು. ಪದಕದ ಪಟ್ಟಿಯಲ್ಲಿ ಈ ದೂರ ಎಲ್ಲೂ ಉಳಿಯಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಬಿಸಿಯೂಟದ ಸರಾಸರಿಗೆ ಬಿಟ್ಟಿದ್ದ ಜಾಗಕ್ಕೆ ಅಡ್ಡಗೆರೆ ಎಳೆದಳು. ಇಂಥ ಕಡೆ ಎಲ್ಲರನ್ನೂ ಇಷ್ಟದ ಸಾಲಿನಲ್ಲಿ ನಿಲ್ಲಿಸಿ ಸರಿಯಾಗಿ ನಡುವೆ ಇರುವವರು ಏನಂದರು ಅಂತ ನೋಡುವುದು ಮೇಲು. ಅದೇ ಮಧ್ಯಾಂಕ. 34 ಮಕ್ಕಳಾದರೆ ನಡುವೆ ಇಬ್ಬರಿರುತ್ತಾರೆ, 17ನೆಯವರು ಮತ್ತು 18ನೆಯವರು. ಅವಳ ಪಟ್ಟಿಯಲ್ಲಿ ಇಬ್ಬರೂ ‘ತುಂಬಾ ಇಷ್ಟ’ ಅಂದಿದ್ದರು.

ಇನ್ನು ಅಣ್ಣತಮ್ಮಂದಿರ ಲೆಕ್ಕ. ಇಲ್ಲಿ ಬರುವುದು ಎಣಿಸಿದ ಅಂಕಿ: 0, 1, 2, 3. ನಡುವೆ ಏನೂ ಇಲ್ಲ. ಯಾರಿಗೂ ಒಂದೂವರೆ ತಂಗಿ ಇರುವುದಿಲ್ಲ. ಆದರೆ ಸರಾಸರಿ 1.5 ಅಂತ ಬಂದರೆ ಅದಕ್ಕೆ ಅರ್ಥವಿದೆ, ಬೇರೆ ತರಗತಿಯ ಜೊತೆ ಹೋಲಿಸಿ ನೋಡಬಹುದು. ಈ ಮನೆಯಲ್ಲಿ ಒಬ್ಬ ಹುಡುಗನ ಎದುರಿಗೆ 7 ಎಂದಿತ್ತು. “ಅವನದ್ದು ದೊಡ್ಡ ಮನೆ ಚಿಕ್ಕಮ್ಮಾ, ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲ ಒಟ್ಟಿಗಿದಾರೆ” ಅಂದಳು. ಅವನು ಸುಳ್ಳು ಹೇಳಿಲ್ಲ. ನಮ್ಮ ಭಾಷೆಯಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ. ಉಳಿದ ಮಕ್ಕಳು ‘ಅಣ್ಣ’ ಅಂದರೆ ಒಂದು ಅರ್ಥ ತೆಗೆದುಕೊಂಡರು, ಅವನು ಇನ್ನೊಂದು. ಪ್ರಶ್ನೆ ಕೇಳಿದವಳು ಯಾವ ಅರ್ಥ ಅಂತ ಹೇಳಿರಲೇ ಇಲ್ಲ.

ಜನಗಣತಿಯವರು ಈ ವಿಷಯದಲ್ಲಿ ಬಹಳ ಹುಷಾರು. ಒಂದು ಮನೆ ಅಂದರೆ ಏನು? ಒಂದೇ ಸೂರಿನ ಕೆಳಗೆ ಅಣ್ಣನ ಸಂಸಾರ, ತಮ್ಮನ ಸಂಸಾರ ಬೇರೆ ಬೇರೆ ಅಡುಗೆ ಮಾಡಿಕೊಂಡಿದ್ದರೆ ಒಂದು ಮನೆಯೋ ಎರಡೋ? ನಮ್ಮ ಜನಗಣತಿಯ ಪ್ರಕಾರ ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಸೂರು ಒಂದೇ ಇದ್ದರೂ ಒಲೆ ಎರಡಾದರೆ ಕುಟುಂಬ ಎರಡು. ಯಾವ ಗಳಿಗೆಯ ಲೆಕ್ಕ ಅನ್ನುವುದೂ ಮೊದಲೇ ನಿರ್ಧಾರವಾಗಿರುತ್ತದೆ. 2011ರ ಜನಗಣತಿಯಲ್ಲಿ ಆ ಗಳಿಗೆ ಮಾರ್ಚ್ 1 ಹುಟ್ಟಿದ ನಡುರಾತ್ರಿ. ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋದವರು, ಮಾರ್ಚ್ ಮೊದಲ ವಾರ ಮತ್ತೆ ಬಂದು, ಅಷ್ಟರೊಳಗೆ ಹುಟ್ಟಿದ ಕೂಸುಗಳನ್ನು ಸೇರಿಸಿ, ತೀರಿಕೊಂಡವರನ್ನು ತೆಗೆದು ಲೆಕ್ಕ ಸರಿಮಾಡಿದರು. 121 ಕೋಟಿ ಜನರ ಲೆಕ್ಕಕ್ಕೆ ಅಡಿಪಾಯ ಹೀಗೆ ಒಲೆಯನ್ನೂ ಗಳಿಗೆಯನ್ನೂ ಗಟ್ಟಿ ಮಾಡಿಕೊಂಡದ್ದು.

ಕೊನೆಯ ಮನೆ ಎತ್ತರ. ಇದು ಎಣಿಸಿದ್ದಲ್ಲ, ಅಳೆದದ್ದು. 140 ಮತ್ತು 141ರ ನಡುವೆ 140.5 ಇದೆ, 140.52 ಇದೆ, ಕೊನೆಯೇ ಇಲ್ಲ. ಅಳತೆಯ ಪಟ್ಟಿಯಲ್ಲಿ ಎಷ್ಟು ಸಣ್ಣ ಗೀಟು ಇದೆಯೋ ಅಷ್ಟರವರೆಗೆ ಮಾತ್ರ ನಾವು ಓದಬಲ್ಲೆವು. ಅವಳ ಪಟ್ಟಿ ಓದುತ್ತಾ ಹೋದೆ: 140, 135, 140, 145, 140, 138, 135, 150. ನೀವೂ ಈ ಅಂಕಿಗಳನ್ನು ಒಂದು ಸಲ ಓದಿ. ಏನಾದರೂ ವಿಚಿತ್ರ ಕಾಣುತ್ತದೆಯೇ?

34ರಲ್ಲಿ 29 ಅಂಕಿಗಳ ಕೊನೆಗೆ ಸೊನ್ನೆಯೋ ಐದೋ ಇತ್ತು. ಮಕ್ಕಳು ಬೆಳೆಯುವಾಗ ಐದರ ಮಗ್ಗಿ ಹೇಳಿಕೊಂಡು ಬೆಳೆಯುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿವೆ. ಎಲ್ಲಕ್ಕೂ ಸಮ ಪಾಲು ಸಿಕ್ಕಿದ್ದರೆ ಸೊನ್ನೆ ಮತ್ತು ಐದು ಸೇರಿ ಐದರಲ್ಲಿ ಒಂದು ಪಾಲು, ಅಂದರೆ ಸುಮಾರು ಏಳು ಮಕ್ಕಳು ಆಗಬೇಕಿತ್ತು. “ಎಲ್ಲಿ ಅಳೆದೆ?” ಎಂದು ಕೇಳಿದೆ. ಶಾಲೆಯ ಗೋಡೆಯ ಮೇಲೆ ಜಿರಾಫೆಯ ಚಿತ್ರ ಇದೆಯಂತೆ. ಅದರ ಕುತ್ತಿಗೆಯುದ್ದಕ್ಕೂ ಐದೈದು ಸೆಂಟಿಮೀಟರಿಗೆ ಒಂದು ಗೀಟು. ಮಕ್ಕಳನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ತಲೆ ಯಾವ ಗೀಟಿನ ಹತ್ತಿರ ಬಂತೋ ಹೆಚ್ಚಾಗಿ ಅದನ್ನೇ ಬರೆದುಕೊಂಡಿದ್ದಳು.

ಇದು ಜಿರಾಫೆಯ ಗೋಡೆಯಲ್ಲಿ ಮಾತ್ರ ಆಗುವುದಲ್ಲ. ನಮ್ಮ ದೇಶದ ಜನಗಣತಿಗಳಲ್ಲಿ ಜನರು ಹೇಳಿದ ವಯಸ್ಸುಗಳನ್ನು ಸಾಲಾಗಿ ಜೋಡಿಸಿದರೆ 30, 35, 40, 45, 50ರ ಹತ್ತಿರ ರಾಶಿ ಬಿದ್ದಿರುತ್ತದೆ. 49, 51 ಕಡೆ ತಗ್ಗು. ನಮ್ಮಜ್ಜಿಯನ್ನು ಯಾರಾದರೂ ವಯಸ್ಸೆಷ್ಟು ಅಂದರೆ, “ಅರವತ್ತು ಅಂತ ಬರ್ಕೊಳಪ್ಪ” ಅನ್ನುತ್ತಿದ್ದರು. ಅವರು ಹುಟ್ಟಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ನೆನಪಿನಲ್ಲಿ ಇದ್ದದ್ದು ವರ್ಷವಲ್ಲ, ಆ ವರ್ಷದ ಮಳೆ, ಕೆರೆ ಒಡೆದದ್ದು, ಯಾರದೋ ಮದುವೆ. ಅದಕ್ಕೇ ಗಣತಿಗೆ ಹೋಗುವವರಿಗೆ ಊರಲ್ಲಿ ನಡೆದ ದೊಡ್ಡ ಸಂಗತಿಗಳನ್ನು ನೆನಪಿಸಿ ವಯಸ್ಸು ಕೇಳಿ ಎಂದು ಹೇಳಿಕೊಡುತ್ತಾರೆ. ಈ ರಾಶಿಯನ್ನು ಅಳೆಯಲು ಒಂದು ಸೂಚ್ಯಂಕವೇ ಇದೆ. ಅಮೆರಿಕದ ಜಾರ್ಜ್ ವ್ಹಿಪಲ್ ಅವರ ಹೆಸರಿನದು. 23ರಿಂದ 62ರವರೆಗಿನ ವಯಸ್ಸಿನವರಲ್ಲಿ ಸೊನ್ನೆ ಮತ್ತು ಐದರಲ್ಲಿ ಮುಗಿಯುವವರು ಎಷ್ಟು ಜನ ಎಂದು ನೋಡುತ್ತಾರೆ. ಎಲ್ಲರೂ ಸರಿಯಾದ ವಯಸ್ಸು ಹೇಳಿದ್ದರೆ 100ರ ಹತ್ತಿರ ಬರುತ್ತದೆ. ಎಲ್ಲರೂ ಸೊನ್ನೆ ಇಲ್ಲವೆ ಐದೇ ಹೇಳಿದ್ದರೆ 500. ಒಬ್ಬರ ಮನೆಗೂ ಹೋಗದೆ, ಬರೀ ಕೊನೆಯ ಅಂಕಿ ನೋಡಿಕೊಂಡೇ, ದತ್ತಾಂಶ ಎಷ್ಟು ನಂಬಬಹುದು ಎಂದು ಹೇಳಿಬಿಡಬಹುದು. ನನಗಂತೂ ಇದು ದೊಡ್ಡ ಪತ್ತೇದಾರಿ ಅನ್ನಿಸುತ್ತದೆ.

ಮತ್ತೆ ಅಳೆಯಬೇಕು ಎಂದಾಯಿತು. ಮರುವಾರ ಅವಳು ಅಜ್ಜಿಯ ಹೊಲಿಗೆ ಡಬ್ಬಿಯಿಂದ ಹಳದಿ ಟೇಪು ತೆಗೆದುಕೊಂಡು ಹೋದಳು. ಈ ಸಲ ಅವಳದ್ದೇ ಶಿಸ್ತು: ಚಪ್ಪಲಿ ಬಿಚ್ಚಬೇಕು, ಹಿಮ್ಮಡಿ ಗೋಡೆಗೆ ತಾಗಬೇಕು, ಎತ್ತಿ ಕಟ್ಟಿದ ಜಡೆ ಇಳಿಸಬೇಕು, ತಲೆಯ ಮೇಲೆ ಪಾಠಪುಸ್ತಕವನ್ನು ಮಟ್ಟವಾಗಿ ಇಟ್ಟು ಅದು ಗೋಡೆಗೆ ಮುಟ್ಟುವಲ್ಲಿ ಪೆನ್ಸಿಲ್ ಗುರುತು. ಎಲ್ಲರನ್ನೂ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆಯೇ ಅಳೆದಳು. ಅದನ್ನು ನಾನೇ ಹೇಳಿದ್ದೆ. ದಿನವಿಡೀ ನಿಂತು ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಸಂಜೆ ಹೊತ್ತಿಗೆ ನಾವೆಲ್ಲ ಸುಮಾರು ಒಂದು ಸೆಂಟಿಮೀಟರ್ ಗಿಡ್ಡ ಆಗಿರುತ್ತೇವೆ. ರಾತ್ರಿ ಮಲಗಿ ಎದ್ದರೆ ಮತ್ತೆ ಮೊದಲಿನಷ್ಟೇ.

ಮನೆಗೆ ಬಂದವಳನ್ನು ನಾನೂ ಅದೇ ಟೇಪಿನಲ್ಲಿ ಮೂರು ಸಲ ಅಳೆದೆ. 143.2, 143.5, 143.1. ಅಳತೆ ಅಂದರೆ ಹೀಗೇ, ಪ್ರತಿಸಲವೂ ಕೂದಲೆಳೆಯಷ್ಟು ಆಚೆ ಈಚೆ. ಪುಸ್ತಕ ಸ್ವಲ್ಪ ವಾಲಿರುತ್ತದೆ, ಉಸಿರು ಎಳೆದುಕೊಂಡಿರುತ್ತಾರೆ. ಮೂರರ ಸರಾಸರಿ ತೆಗೆದರೆ ಈ ಆಚೆ ಈಚೆ ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕುತ್ತವೆ. ಆಮೇಲೆ, ಯಾಕೋ ನೋಡೋಣ ಅನ್ನಿಸಿ, ಬಡಗಿಗಳು ಇಟ್ಟುಕೊಳ್ಳುವಂಥ ಸ್ಟೀಲ್ ಟೇಪಿನಲ್ಲಿ ಅಳೆದರೆ 141.3.

ಇಬ್ಬರೂ ಹಳದಿ ಟೇಪನ್ನು ಬೆಳಕಿಗೆ ಹಿಡಿದು ನೋಡಿದೆವು. ತುದಿ ಪಿಸಿದು ಹೋಗಿತ್ತು ಅಂತ ಅಜ್ಜಿ ಯಾವಾಗಲೋ ಕತ್ತರಿಸಿದ್ದರು. ಟೇಪು ಶುರುವಾಗುತ್ತಿದ್ದದ್ದೇ 2ರಿಂದ. ಅಜ್ಜಿ ಅಳೆಯುವಾಗ ಅದನ್ನು ಕಳೆದು ಓದುತ್ತಿದ್ದರು, ಅವರಿಗೆ ರೂಢಿ. ನಮ್ಮ ಹುಡುಗಿ ಇಡೀ ತರಗತಿಯನ್ನು ಎರಡು ಸೆಂಟಿಮೀಟರ್ ಎತ್ತರ ಮಾಡಿ ಬಂದಿದ್ದಳು.

“ಎಲ್ಲ ಹಾಳಾಯ್ತಲ್ಲ ಚಿಕ್ಕಮ್ಮಾ!” ಕಣ್ಣಲ್ಲಿ ನೀರು.

ಹಾಳಾಗಿರಲಿಲ್ಲ. ಆದರೆ ಈ ಎರಡು ತಪ್ಪುಗಳ ಸ್ವಭಾವ ಬೇರೆ ಬೇರೆ ಎಂದು ನೋಡಿ. ಪುಸ್ತಕ ವಾಲಿದ ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಹೆಚ್ಚು ಸಲ ಅಳೆದರೆ ಅದು ಸಣ್ಣದಾಗುತ್ತದೆ. ತುಂಡು ಟೇಪಿನ ತಪ್ಪು ಯಾವಾಗಲೂ ಒಂದೇ ಕಡೆಗೆ. ಸಾವಿರ ಸಲ ಅಳೆದರೂ ಸಾವಿರ ಸಲವೂ ಎರಡು ಹೆಚ್ಚು. ಮೂರು ಅಳತೆಗಳೂ ಒಂದಕ್ಕೊಂದು ಹೊಂದಿಕೊಂಡಿವೆ ಅಂತ ನಾವು ಸಮಾಧಾನಪಟ್ಟುಕೊಂಡು ಕೂತಿರುತ್ತೇವೆ. ಗೊತ್ತಾದರೆ ಮಾತ್ರ ಅದಕ್ಕೆ ಸುಲಭದ ಮದ್ದು, ಎಲ್ಲದರಿಂದಲೂ ಎರಡು ಕಳೆದರಾಯಿತು. ಯಾರು ಎಲ್ಲರಿಗಿಂತ ಉದ್ದ, ಅವರು ಎಲ್ಲರಿಗಿಂತ ಗಿಡ್ಡ ಇರುವವರಿಗಿಂತ ಎಷ್ಟು ಹೆಚ್ಚು ಎಂಬ ಲೆಕ್ಕಕ್ಕಂತೂ ತುಂಡು ಟೇಪಿನಿಂದ ಏನೂ ಆಗಿರಲಿಲ್ಲ.

ಪಟ್ಟಿಯ ಒಂದು ಮನೆಯಲ್ಲಿ ಮಾತ್ರ 0 ಇತ್ತು. “ಅವಳು ಆವತ್ತು ಬಂದಿರಲಿಲ್ಲ, ಜ್ವರ.” ಜ್ವರ ಬಂದ ಹುಡುಗಿಯ ಎತ್ತರ ಸೊನ್ನೆಯಾಗುವುದಿಲ್ಲ. 33 ಮಕ್ಕಳ ಸರಾಸರಿ 140 ಇದ್ದರೆ, ಆ ಒಂದು ಸೊನ್ನೆ ಸೇರಿಕೊಂಡು 34ರಿಂದ ಭಾಗಿಸಿದಾಗ ಅದು 135.9ಕ್ಕೆ ಇಳಿಯುತ್ತದೆ. ಒಬ್ಬಳ ಜ್ವರಕ್ಕೆ ಇಡೀ ತರಗತಿ ನಾಲ್ಕು ಸೆಂಟಿಮೀಟರ್ ಕುಗ್ಗಿಹೋಯಿತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಪುಸ್ತಕಗಳಿರುತ್ತವೆ. ಇಂಚು, ಸೆಂಟು ಎಂದು ಬರೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಅಲ್ಲಿ ಮಳೆ ಬರಲಿಲ್ಲ ಅನ್ನುವುದಕ್ಕೆ ಸೊನ್ನೆ. ಯಾರೂ ಹೋಗಿ ಮಾಪಕ ನೋಡಲಿಲ್ಲ ಅನ್ನುವುದಕ್ಕೆ ಖಾಲಿ ಬಿಡಬೇಕು. ಸೊನ್ನೆ ಒಂದು ಉತ್ತರ. ಖಾಲಿ ಜಾಗ ಅಂದರೆ ಇನ್ನೂ ಕೇಳದ ಪ್ರಶ್ನೆ. ಅವಳು ಸೊನ್ನೆಯನ್ನು ರಬ್ಬರಿನಿಂದ ಉಜ್ಜಿ ಅಳಿಸಿದಳು.

ಈವರೆಗೆ ಹೇಳಿದ ತಪ್ಪುಗಳೆಲ್ಲ ಬೇಕೆಂದು ಮಾಡಿದವಲ್ಲ. ಬೇಕೆಂದೇ ಹೆಚ್ಚು ಮಾಡಿ ಹೇಳಿದ ಅಂಕಿ ಬಂದರೆ ಏನು ಮಾಡುವುದು? ಇದಕ್ಕೆ ನಾನು ಹೇಳಬೇಕೆಂದಿರುವ ಕಥೆ ಸಿ. ಆರ್. ರಾವ್ ಅವರ ಪುಸ್ತಕವೊಂದರಲ್ಲಿ ಬರುತ್ತದೆ. ರಾವ್ ಹುಟ್ಟಿದ್ದು 1920ರಲ್ಲಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೂವಿನ ಹಡಗಲಿಯಲ್ಲಿ. ನಸುಕಿನ ನಾಲ್ಕಕ್ಕೆ ಅಮ್ಮ ಎಬ್ಬಿಸಿ, ಓದಿಕೊಳ್ಳಲು ಎಣ್ಣೆಯ ದೀಪ ಹಚ್ಚಿ ಕೊಡುತ್ತಿದ್ದರಂತೆ. 1941ರಲ್ಲಿ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹೋದರು. ಅದನ್ನು ಕಟ್ಟಿದವರು ಪಿ. ಸಿ. ಮಹಾಲನೋಬಿಸ್, ಅವರ ಹುಟ್ಟುಹಬ್ಬ ಜೂನ್ 29 ಈಗ ನಮ್ಮ ದೇಶದ ಸಂಖ್ಯಾಶಾಸ್ತ್ರ ದಿನ. ರಾವ್ ಪ್ರಪಂಚದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ ಬೆಳೆದರು. 2023ರಲ್ಲಿ, 102 ವರ್ಷದವರಾಗಿದ್ದಾಗ ತೀರಿಕೊಂಡರು.

ಕಥೆ 1947ರದ್ದು. ದೇಶ ಹೋಳಾಗಿ ದೆಹಲಿಯಲ್ಲಿ ಗಲಭೆ ಎದ್ದಿತ್ತು. ಜೀವ ಉಳಿಸಿಕೊಳ್ಳಲು ಬಂದ ಬಹಳಷ್ಟು ಜನ ಕೆಂಪುಕೋಟೆಯೊಳಗೆ ಆಶ್ರಯ ಪಡೆದಿದ್ದರು. ಅವರಿಗೆ ಊಟ ಒದಗಿಸುವ ಕೆಲಸ ಗುತ್ತಿಗೆದಾರರದ್ದು, ಹಣ ಸರ್ಕಾರದ್ದು. ಒಳಗೆ ಎಷ್ಟು ಜನ ಇದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಗುತ್ತಿಗೆದಾರರ ಬಿಲ್ಲುಗಳು ಮಾತ್ರ ಬೆಳೆಯುತ್ತಾ ಹೋದವು. ಒಳಗೆ ಹೋಗಿ ತಲೆ ಎಣಿಸುವಂಥ ಪರಿಸ್ಥಿತಿ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞರ ಕೈಗೆ ಸಿಕ್ಕಿದ್ದು ಆ ಬಿಲ್ಲುಗಳು ಮಾತ್ರ: ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು.

ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಬೇಳೆ, ಉಪ್ಪು ತಿನ್ನುತ್ತಾನೆ ಎಂಬುದು ಹಿಂದಿನ ಸಮೀಕ್ಷೆಗಳಿಂದ ಗೊತ್ತಿತ್ತು. ಹಾಗಾದರೆ ಭಾಗಿಸಿದರೆ ಜನಸಂಖ್ಯೆ ಬರಬೇಕಲ್ಲ? ನಾವೂ ಮಾಡಿ ನೋಡೋಣ, ಅಂಕಿಗಳು ನಾವೇ ಕಲ್ಪಿಸಿಕೊಂಡವು. ಒಬ್ಬರಿಗೆ 400 ಗ್ರಾಂ ಅಕ್ಕಿ, ಬಿಲ್ಲಿನಲ್ಲಿ 8000 ಕಿಲೋ, ಅಂದರೆ 20,000 ಜನ. ಒಬ್ಬರಿಗೆ 10 ಗ್ರಾಂ ಉಪ್ಪು, ಬಿಲ್ಲಿನಲ್ಲಿ 100 ಕಿಲೋ, ಅಂದರೆ 10,000 ಜನ. ಅದೇ ಕೋಟೆ, ಅದೇ ಜನ, ಉತ್ತರ ಎರಡು. ಕೆಂಪುಕೋಟೆಯ ಲೆಕ್ಕದಲ್ಲೂ ಅಕ್ಕಿ ಹೇಳಿದ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಬೇಳೆ ಹೇಳಿದ್ದು ಅದಕ್ಕಿಂತ ಚಿಕ್ಕದು, ಉಪ್ಪು ಹೇಳಿದ್ದು ಎಲ್ಲಕ್ಕಿಂತ ಚಿಕ್ಕದು.

ಯಾರ ಮಾತು ನಂಬುವುದು? ಉಪ್ಪಿನ ಮಾತು. ಅಕ್ಕಿಗೆ ಬೆಲೆ ಹೆಚ್ಚು, ಹೆಚ್ಚು ಬರೆದರೆ ಹೆಚ್ಚು ಲಾಭ. ಉಪ್ಪು ಅಗ್ಗ, ಅದನ್ನು ಎರಡರಷ್ಟು ಬರೆದರೂ ಸಿಗುವುದು ಪುಡಿಗಾಸು. ಹಾಗಾಗಿ ಉಪ್ಪಿನ ಲೆಕ್ಕವನ್ನು ಉಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಈ ಉಪಾಯ ಹೊಳೆದದ್ದು ಆ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಜೆ. ಎಂ. ಸೆನ್‌ಗುಪ್ತ ಅವರಿಗೆ. ಉಪಾಯ ಸರಿಯಿದೆಯೇ ಎಂದೂ ಅವರು ನೋಡಿದರು. ಹುಮಾಯೂನನ ಗೋರಿಯ ಬಳಿ ಇದ್ದ ಇನ್ನೊಂದು ಚಿಕ್ಕ ಶಿಬಿರದಲ್ಲಿ ಎಷ್ಟು ಜನ ಅಂತ ಮೊದಲೇ ಗೊತ್ತಿತ್ತು. ಅಲ್ಲಿಯ ಉಪ್ಪಿನಿಂದ ಬಂದ ಲೆಕ್ಕ ನಿಜವಾದ ಸಂಖ್ಯೆಗೆ ಹತ್ತಿರವೇ ಬಂತು.

ಕಥೆ ಮುಗಿದ ಮೇಲೆ ನಮ್ಮ ಹುಡುಗಿ ನೋಟ್‌ಬುಕ್ಕನ್ನು ಒಳಗೆ ಒಯ್ದು ಹೊಸ ಹಾಳೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆದಳು. ಮೇಲ್ಗಡೆ ನಾಲ್ಕು ಸಾಲು ಸೇರಿಸಿದ್ದಳು: ಅಳೆದವರು ಯಾರು, ಯಾವುದರಲ್ಲಿ ಅಳೆದದ್ದು, ಯಾವ ಹೊತ್ತಿನಲ್ಲಿ, ‘ಅಣ್ಣ’ ಅಂದರೆ ಯಾರು. ಕ್ರಮಸಂಖ್ಯೆಯ ಕೆಳಗಿದ್ದ ಹದಿನೇಳೂವರೆ ಮಾಯವಾಗಿತ್ತು.

ಸೋಮವಾರ ಸ್ಟೀಲ್ ಟೇಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದಳು. ಸಂಜೆ ಬಂದಾಗ ಆ ಒಂದು ಖಾಲಿ ಮನೆ ತುಂಬಿತ್ತು: 137.4. ಪಕ್ಕದಲ್ಲಿ ಇರುವೆಯಂಥ ಅಕ್ಷರಗಳು: ಬೆಳಿಗ್ಗೆ, ಚಪ್ಪಲಿ ಇಲ್ಲದೆ, ಜ್ವರ ಬಿಟ್ಟಿದೆ.